ಉಂಡು ಹೋದವನು ಮೋಸಗಾರನೋ, ಸಾಲಗಾರನೋ?



ನವಲಗುಂದದ ಸೀಮೆಯಲ್ಲಿ ಮಠದ ದಾಸೋಹದ ಪಂಕ್ತಿಗೆ ಬಿಲ್ಲಿಲ್ಲ. ಖಾನಾವಳಿಯ ಮಾತೇ ಬೇರೆ. ಅಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಫಲಕ ತೂಗುತ್ತದೆ. ಫಲಕವಿದ್ದರೂ ಉದ್ರಿ ನಡೆಯುತ್ತದೆ. ಉಂಡವನು ದುಡ್ಡು ಕೊಡದಿದ್ದರೆ ಅದು ಅಪರಾಧವೇ, ಬರಿಯ ಬಾಕಿಯೇ?

ಇಂಗ್ಲೆಂಡಿನಲ್ಲಿ ಇದಕ್ಕೆಂದೇ 1978ರ ಕಾನೂನಿದೆ. ಹಣ ತಪ್ಪಿಸುವ ಉದ್ದೇಶದಿಂದ ಜಾರಿಕೊಂಡವನಿಗೆ ಎರಡು ವರ್ಷದವರೆಗೆ ಸೆರೆ. ನಮ್ಮ ದಂಡಸಂಹಿತೆಯಲ್ಲಿ ಅಂಥ ಪ್ರತ್ಯೇಕ ಕಲಮು ಇಲ್ಲ. ಇರುವುದು ವಂಚನೆಯ ಕಲಮು. 1860ರ ಸಂಹಿತೆಯ 420, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4) ಆಗಿದೆ. ಶಿಕ್ಷೆ ಏಳು ವರ್ಷದವರೆಗೆ ಸೆರೆ ಮತ್ತು ದಂಡ.

ಆದರೆ ವಂಚನೆ ಎನಿಸಲು ಮೋಸದ ಬುದ್ಧಿ ಮೊದಲಿನಿಂದಲೇ ಇರಬೇಕು. ಇದಕ್ಕೆ ಸಂಹಿತೆಯೇ ನೀಲಿ ಬೆಳೆಯ ಉದಾಹರಣೆ ಕೊಡುತ್ತದೆ. ಬೆಳೆ ಕೊಡುವ ಮನಸ್ಸೇ ಇಲ್ಲದೆ ಮುಂಗಡ ಪಡೆದವನು ವಂಚಕ. ಕೊಡುವ ಮನಸ್ಸಿದ್ದು ಆಮೇಲೆ ಮಾತು ತಪ್ಪಿದವನ ಮೇಲೆ ಸಿವಿಲ್ ದಾವೆ ಮಾತ್ರ. ಸುಳ್ಳು ಹೆಸರು ಬರೆಸಿ, ಕೊಡಬಾರದೆಂದೇ ನಿರ್ಧರಿಸಿ ವಾರವಿಡೀ ಲಾಡ್ಜಿನಲ್ಲಿ ಉಂಡುಟ್ಟವನು ಮೊದಲನೆಯ ಸಾಲಿನವನು. ಹೆಸರುಕಾಳು ಮಾರಲು ಬಂದು, ವ್ಯಾಪಾರಿಯಿಂದ ಹಣ ಕೈಸೇರದೆ ಖಾನಾವಳಿಯ ಬಾಕಿ ಉಳಿಸಿಕೊಂಡ ರೈತ ಎರಡನೆಯ ಸಾಲಿನವನು. ಬಡತನ ಅಪರಾಧವಲ್ಲ ಎಂಬುದು ಈ ಗೆರೆಯ ಅರ್ಥ.

ಅವಧಿ ಮುಗಿದರೂ ಕೋಣೆ ಬಿಡದವನ ಗತಿ? ನ್ಯಾಯವಾಗಿಯೇ ಒಳಬಂದವನೂ, ಅಪರಾಧ ಮಾಡುವ ಅಥವಾ ಮಾಲೀಕನನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶದಿಂದ ಅಕ್ರಮವಾಗಿ ಅಲ್ಲೇ ಉಳಿದರೆ ಅದು ಅತಿಕ್ರಮಣ. ವಾಸದ ಕಟ್ಟಡವಾದರೆ 329ನೆಯ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜ್ವರ ಬಂದು ಮಲಗಿದವನಿಗೆ ಆ ಉದ್ದೇಶವಿರುವುದಿಲ್ಲ.

ಮಾಲೀಕರು ಎಡವುವುದು ಇಲ್ಲಿಯೇ. ದುಡ್ಡು ಬರಲಿಲ್ಲವೆಂದು ಗಿರಾಕಿಯನ್ನು ಕೋಣೆಯಲ್ಲಿ ಕೂಡಿಹಾಕಿ ಕೀಲಿ ಹಾಕಿದರೆ, ಅದು ಅಕ್ರಮ ಬಂಧನ. 127ನೆಯ ಕಲಮಿನಂತೆ ಅದಕ್ಕೂ ಒಂದು ವರ್ಷದವರೆಗೆ ಸೆರೆಯುಂಟು. ಹಣ ಕಳೆದುಕೊಂಡವನೇ ಆರೋಪಿಯಾಗುತ್ತಾನೆ. ಗಂಟುಮೂಟೆ ಹಿಡಿದಿಟ್ಟುಕೊಳ್ಳುವುದೂ ಸಲೀಸಲ್ಲ. ಬಾಕಿಗಾಗಿ ವಸ್ತು ತಡೆಹಿಡಿಯುವ ಸಾಮಾನ್ಯ ಹಕ್ಕು ಯಾರಿಗೆಂದು 1872ರ ಕರಾರು ಕಾಯ್ದೆಯ 171ನೆಯ ಕಲಮು ಪಟ್ಟಿ ಕೊಟ್ಟಿದೆ. ಬ್ಯಾಂಕಿನವರು, ವಕೀಲರು ಅದರಲ್ಲಿದ್ದಾರೆ, ಹೋಟೆಲಿನವರಿಲ್ಲ. ಉಳಿದವರಿಗೆ ಸ್ಪಷ್ಟ ಕರಾರು ಬೇಕು.

ಆದ್ದರಿಂದ ಗುರುತಿನ ಚೀಟಿ ನೋಡುವುದು, ಮುಂಗಡ ಪಡೆಯುವುದು, ರಿಜಿಸ್ಟರಿನಲ್ಲಿ ದರ ಮತ್ತು ಅವಧಿ ಬರೆಸಿ ಸಹಿ ಹಾಕಿಸುವುದು ಜಾಣತನ. ಮೋಸವೆಂದು ಕಂಡರೆ ಪೊಲೀಸ್ ಠಾಣೆ, ಬಾಕಿಯಾದರೆ ಸಿವಿಲ್ ನ್ಯಾಯಾಲಯ. ಉದ್ರಿ ಪುಸ್ತಕದಲ್ಲಿ ಎರಡೂ ಒಂದೇ ಸಾಲಾಗಿ ಕಾಣುತ್ತವೆ. ಕಾನೂನು ನೋಡುವುದು ಮಾತ್ರ, ತಾಟಿನ ಮುಂದೆ ಕೂರುವಾಗ ಉಣ್ಣುವವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು.