ತಲೆಕೆಳಗಾಗಿ ಮರ ಇಳಿಯುವ ಹಕ್ಕಿ

ಮರದ ಕಾಂಡಕ್ಕೆ ಅಂಟಿಕೊಂಡು ಹೊಟ್ಟೆ ಹೊರೆಯುವ ಹಕ್ಕಿ ಎಂದೊಡನೆ ಮರಕುಟಿಗ ನೆನಪಾಗುತ್ತದೆ. ಅದೇ ಕಸುಬಿನ ಇನ್ನೊಂದು ಹಕ್ಕಿ ಕೊಡಗಿನ ಕಾಫಿ ತೋಟಗಳಲ್ಲಿ, ದಾಂಡೇಲಿಯ ಕಾಡಿನಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಇದೆ. ಪಕ್ಷಿವೀಕ್ಷಕರು ಇದನ್ನು ವೆಲ್ವೆಟ್ ಫ್ರಂಟೆಡ್ ನಟ್‌ಹ್ಯಾಚ್ ಎನ್ನುತ್ತಾರೆ. ಗುಬ್ಬಚ್ಚಿಗಿಂತ ಚಿಕ್ಕದು, ಉದ್ದ ಸುಮಾರು 12 ಸೆಂಟಿಮೀಟರ್. ನೇರಳೆ ಬೆರೆತ ನೀಲಿ ಬೆನ್ನು, ಹವಳಗೆಂಪು ಕೊಕ್ಕು, ಹಣೆಯ ಮೇಲೆ ಅಚ್ಚಗಪ್ಪು ಪಟ್ಟಿ. ಗಂಡಿಗೆ ಕಣ್ಣಿನ ಮೇಲಿನಿಂದ ಹಿಂದಕ್ಕೆ ಸಾಗುವ ಕಪ್ಪು ಗೆರೆಯೂ ಉಂಟು.

ಇದರ ಬೆಡಗು ಬಣ್ಣಕ್ಕಿಂತ ನಡೆಯಲ್ಲಿದೆ. ಮರಕುಟಿಗನ ಬಾಲದ ಗರಿಗಳು ಬಹಳ ಗಡುಸು. ಎರಡು ಕಾಲುಗಳ ಜೊತೆಗೆ ಬಾಲವನ್ನೂ ತೊಗಟೆಗೆ ಒತ್ತಿ, ಮೂರು ಕಾಲಿನ ಪೀಠದಂತೆ ಅದು ಭದ್ರವಾಗಿ ನಿಲ್ಲುತ್ತದೆ. ಗರಿ ಉದುರುವ ಕಾಲದಲ್ಲೂ ಬಾಲದ ನಡುವಿನ ಎರಡು ಗರಿಗಳು ಕೊನೆಗೇ ಬೀಳುತ್ತವೆ. ಉಳಿದವು ಮತ್ತೆ ಬೆಳೆಯುವವರೆಗೂ ಆಸರೆ ತಪ್ಪದು. ಆದರೆ ಬಾಲವನ್ನು ನೆಚ್ಚಿದ ಹಕ್ಕಿ ತಲೆ ಮೇಲೆ ಮಾಡಿಯೇ ಇರಬೇಕು. ನಟ್‌ಹ್ಯಾಚ್‌ಗೆ ಆ ಕಟ್ಟುಪಾಡಿಲ್ಲ. ಅದರ ಬಾಲ ಮೋಟು, ತೊಗಟೆಗೆ ತಾಗುವುದೂ ಇಲ್ಲ. ಎಲ್ಲ ಭಾರವೂ ಕಾಲುಗಳ ಮೇಲೆ. ಗಮನವಿಟ್ಟು ನೋಡಿದರೆ ಎರಡೂ ಪಾದಗಳು ಒಂದೇ ಮಟ್ಟದಲ್ಲಿರುವುದಿಲ್ಲ. ಮೇಲಿನ ಪಾದದಿಂದ ಜೋತು, ಕೆಳಗಿನ ಪಾದವನ್ನು ಆಸರೆಯಾಗಿ ಊರಿ, ಓರೆಯಾಗಿ ಜಿಗಿಯುತ್ತಾ ಸಾಗುತ್ತದೆ. ಹಿಂಬೆರಳಿನ ಬಲವಾದ ಉಗುರು ತೊಗಟೆಯನ್ನು ಕಚ್ಚಿ ಹಿಡಿಯುತ್ತದೆ. ಹೀಗಾಗಿ ತಲೆ ಕೆಳಗೆ ಮಾಡಿ ಕಾಂಡ ಇಳಿಯುವುದು, ಕೊಂಬೆಯ ಅಡಿಯಲ್ಲಿ ಓಡುವುದು ಇದಕ್ಕೆ ಸಲೀಸು.

ಇದರಿಂದ ಹೊಟ್ಟೆಪಾಡಿಗೂ ಅನುಕೂಲ. ಮೇಲ್ಮುಖವಾಗಿ ಏರುವ ಹಕ್ಕಿಯ ಕಣ್ಣು ತಪ್ಪಿಸಿ ತೊಗಟೆಯ ಸಂದಿನಲ್ಲಿ ಅಡಗಿದ ಹುಳು, ಜೇಡಗಳು ಮೇಲಿನಿಂದ ಇಳಿದು ಬರುವ ಇದರ ಕಣ್ಣಿಗೆ ಬೀಳುತ್ತವೆ. ಒಂದೇ ಮರದಲ್ಲಿ ಇಬ್ಬರಿಗೂ ಊಟ!

ಮಲೆನಾಡಿನಲ್ಲಿ ಬೆಳಗಿನ ಹೊತ್ತು ಕಾಜಾಣ, ನೊಣಹಿಡುಕ ಮೊದಲಾದವು ಗುಂಪುಗೂಡಿ ಬೇಟೆಗೆ ಹೊರಟಾಗ ಈ ಪುಟಾಣಿಯೂ ಜೊತೆಗಿರುತ್ತದೆ. ಚಿಟ್ ಚಿಟ್ ಎಂಬ ಚುರುಕು ದನಿ ಕೇಳಿದರೆ ದಪ್ಪ ಕಾಂಡಗಳತ್ತ ನೋಡಿ.

ಗೂಡು ಕಟ್ಟಲು ಈ ಹಕ್ಕಿಗೆ ಮರದ ಪೊಟರೆಯೇ ಬೇಕು. ಮರಕುಟಿಗ ಕೊರೆದು ಬಿಟ್ಟುಹೋದ ತೂತಾದರೂ ಆದೀತು. ಒಳಗೆ ಹಾವಸೆ, ಕೂದಲು, ಗರಿ ಹಾಸಿಕೊಳ್ಳುತ್ತದೆ. ಇದರ ಬಳಗದ ಕಂದುಹೊಟ್ಟೆಯ ನಟ್‌ಹ್ಯಾಚ್ ಅಂತೂ ಪೊಟರೆಯ ಬಾಯಿಗೆ ಕೆಸರು ಮೆತ್ತಿ, ತನ್ನ ಮೈ ಹಿಡಿಯುವಷ್ಟೇ ಕಿಂಡಿ ಉಳಿಸಿಕೊಳ್ಳುತ್ತದೆ. ದೊಡ್ಡ ಪೊಟರೆಯೂ ಹೀಗೆ ಪುಟ್ಟ ಹಕ್ಕಿಯ ಮನೆಯಾಗುತ್ತದೆ.

ಪೊಟರೆಗಳು ಹೆಚ್ಚಾಗಿ ಸಿಗುವುದು ಮುದಿಮರಗಳಲ್ಲಿ, ಒಣಗಿ ನಿಂತ ಮರಗಳಲ್ಲಿ. ನಾವು ಮೊದಲು ಕೊಡಲಿ ಹಾಕುವುದೂ ಅವಕ್ಕೇ. ತೋಟವಿರುವ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು: ಮನೆಗೋ ದಾರಿಗೋ ಅಪಾಯವಿಲ್ಲದ ಕಡೆ ಒಂದೆರಡು ಒಣಮರಗಳನ್ನು ಹಾಗೆಯೇ ನಿಲ್ಲಲು ಬಿಡಿ.