ಮರಿಯಾನೊ ಹೆಸರಿನ ಹಿಂದೆ ನಮ್ಮ ರಮಾಮಣಿ

ಜಯನಗರದಲ್ಲೋ ಬನಶಂಕರಿಯಲ್ಲೋ ಮೆಟ್ರೋ ಹತ್ತಿ ಇದನ್ನ ಕೇಳ್ತಿದ್ದೀರಾ? ಹಾಗಾದ್ರೆ 'ಜ್ಯೋತಿ' ಅನ್ನೋ ಆಲ್ಬಮ್ ಹುಡುಕಿಟ್ಕೊಳ್ಳಿ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಸ್ಯಾಕ್ಸೋಫೋನ್, ಕೊಳಲು ಚಾರ್ಲಿ ಮರಿಯಾನೊ. ಬಾಸ್ಟನ್‌ನವರು, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದ ದೊಡ್ಡ ಜಾಝ್ ಕಲಾವಿದರು. ಅವರ ಜೊತೆಗಿದ್ದದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್: ಗಾಯನ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಜೊತೆಗೆ ಘಟ, ಖಂಜಿರ, ಮೋರ್ಚಿಂಗ್, ಕೊನ್ನಕ್ಕೋಲ್.

ಕವರ್ ಮೇಲೆ ಮೊದಲು ಮರಿಯಾನೊ ಹೆಸರು. ಸರಿ, ಜಾಝ್ ಕೇಳೋರಿಗೆ ಗೊತ್ತಿದ್ದ ಹೆಸರು ಅದೇ ತಾನೇ. ಆದ್ರೆ ಜಾಝ್ ಇತಿಹಾಸ ಬರೆಯೋರು ಅಷ್ಟಕ್ಕೇ ನಿಂತುಬಿಟ್ರೆ ತಪ್ಪಾಗುತ್ತೆ. ಮೊದಲ ಟ್ರ್ಯಾಕ್ ಹೆಸರೇ 'ವಾಯ್ಸ್ ಸೋಲೋ'. ರಚನೆಗಳು ರಮಾಮಣಿಯವರವು. ಪಿಯಾನೋ ಇಲ್ಲ, ಡ್ರಮ್ಸ್ ಇಲ್ಲ. ಮೃದಂಗ, ಖಂಜಿರ ಹಾಕೋ ಲೆಕ್ಕದೊಳಗೆ ಸ್ಯಾಕ್ಸೋಫೋನ್ ತನ್ನ ಜಾಗ ಹುಡುಕ್ಕೊಂಡು ಬರುತ್ತೆ. ಇದನ್ನ 'ಇಂಡಿಯನ್ ಟಚ್ ಇರೋ ಜಾಝ್' ಅಂದ್ರೆ ನಾನಂತೂ ಒಪ್ಪಲ್ಲ.

ಮರಿಯಾನೊ 2009ರಲ್ಲಿ ತೀರಿಕೊಂಡ್ರು. ಸಂಗೀತದಲ್ಲಿ ಎಂ.ಎ., ಪಿಎಚ್‌ಡಿ ಮಾಡ್ತಿರೋರು ಯಾರಾದ್ರೂ ಕೇಳ್ತಿದ್ರೆ, ನಿಮಗೇ ಹೇಳ್ತಿದ್ದೀನಿ: ಸ್ಯಾಕ್ಸೋಫೋನ್ ಬಗ್ಗೆ ಬರೆಯೋಕೆ ಅಮೆರಿಕದಲ್ಲಿ ಜನ ಇದ್ದಾರೆ. ಈ ತಾಳದ ಲೆಕ್ಕ ಬಿಡಿಸಿ ಬರೆಯೋಕೆ ಮೃದಂಗದ ಪಾಠ ಆದವರೇ ಬೇಕು.