ಸೊನ್ನೆ ಕೊರೆಯುವ ಗರಗಸ

ದೀಪಾಂಜಲಿ ನಗರದ ಮಕ್ಕಳೇ, ನಿಮ್ಮ ಬಡಾವಣೆಯ ಹೆಸರನ್ನೇ ಮರದಲ್ಲಿ ಕೊರೆಯಬೇಕು ಅಂದುಕೊಳ್ಳಿ. ಮನೆ ಮುಂದಿನ ನಾಮಫಲಕದ ಹಾಗೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ಬಡಗಿಯ ದೊಡ್ಡ ಗರಗಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ನೇರ ಗೆರೆ. ನಮ್ಮ ಅಕ್ಷರಗಳೋ, ನೆಟ್ಟಗೆ ನಿಲ್ಲುವ ಜಾತಿಯವೇ ಅಲ್ಲ!

ಅಗಲವಾದ ಅಲಗು ತಿರುಗಲು ಹೋದರೆ, ತಾನೇ ಕೊರೆದ ಸೀಳಿನ ಗೋಡೆಗೆ ಅದರ ಬೆನ್ನು ತಾಗಿ ಸಿಕ್ಕಿಕೊಳ್ಳುತ್ತದೆ. ಅಲಗು ಕಿರಿದಾದಷ್ಟೂ ತಿರುವು ಸಲೀಸು. ಸ್ಕ್ರಾಲ್ ಸಾ ಎಂಬ ಯಂತ್ರದಲ್ಲಿ ಬಳಸುವ ಒಂದು ಸಾಮಾನ್ಯ ಅಲಗಿನ ಅಗಲ ಸುಮಾರು 1 ಮಿಲಿಮೀಟರ್, ದಪ್ಪ ಅದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಸಪೂರದ ಉಕ್ಕಿನ ಪಟ್ಟಿಗೆ ಮರ ಕೊಯ್ಯುವ ಬಲ ಎಲ್ಲಿಂದ ಬಂತು? ಒಂದು ಕಾಗದದ ಪಟ್ಟಿ ತೆಗೆದುಕೊಳ್ಳಿ. ಎರಡು ತುದಿಗಳಿಂದ ಒಳಕ್ಕೆ ಒತ್ತಿ, ಬಾಗಿಬಿಡುತ್ತದೆ. ಈಗ ಎರಡೂ ತುದಿ ಹಿಡಿದು ಎಳೆಯಿರಿ, ನೆಟ್ಟಗೆ ನಿಲ್ಲುತ್ತದೆ. ಯಂತ್ರವೂ ಅಲಗನ್ನು ಮೇಲೆ ಕೆಳಗೆ ಎರಡೂ ಕಡೆ ಹಿಡಿದು ಬಿಗಿಯಾಗಿ ಎಳೆದಿಡುತ್ತದೆ. ಬಿಗಿ ಸರಿಯಾಗಿದ್ದರೆ, ಯಂತ್ರ ನಿಂತಿರುವಾಗ ಅಲಗನ್ನು ಮೀಟಿದಾಗ ‘ಟಿಣ್’ ಅನ್ನುತ್ತದೆ. ಸಡಿಲವಿದ್ದರೆ ಮಂಕು ಸದ್ದು.

ಮೋಟಾರು ಗಿರಗಿರ ಸುತ್ತುತ್ತದೆ, ಅಲಗು ಮಾತ್ರ ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ ಆಡುತ್ತದೆ. ಮರವನ್ನು ಕೈಯಲ್ಲಿ ತಿರುಗಿಸುತ್ತಾ ಹೋಗಬೇಕು. ಅಲಗು ನಿಮಿಷಕ್ಕೆ 1200 ಸಲ ಆಡಿದರೆ ಸೆಕೆಂಡಿಗೆ 20 ಸಲ ಆಯಿತು. ಯಾವಾಗಲೂ ಇಷ್ಟೇ ವೇಗ ಬೇಕಿಲ್ಲ. ಪ್ಲಾಸ್ಟಿಕ್ಕನ್ನು ಜೋರಾಗಿ ಕೊಯ್ದರೆ ಉಜ್ಜಾಟದ ಬಿಸಿಗೆ ಅದು ಕರಗಿ, ಕೊರೆದ ದಾರಿ ಮತ್ತೆ ಅಂಟಿಕೊಳ್ಳುತ್ತದೆ. ಆದ್ದರಿಂದ ವೇಗವನ್ನು ಕಡಿಮೆ ಹೆಚ್ಚು ಮಾಡುವ ತಿರುಪು ಇರುವ ಯಂತ್ರವೇ ಒಳ್ಳೆಯದು.

ಇನ್ನು ಕೊಳ್ಳುವ ಮಾತು. ಯಂತ್ರದ ಮೇಲೆ ದೊಡ್ಡದಾಗಿ ಬರೆದಿರುವುದು 16 ಇಂಚು, 20 ಇಂಚು ಎಂಬ ಅಳತೆ. ಅಲಗಿನಿಂದ ಹಿಂದಿನ ಕಂಬದವರೆಗಿನ ಜಾಗ ಅದು. ದೊಡ್ಡ ಹಲಗೆ ತಿರುಗಿಸಲು ಆ ಜಾಗ ಬೇಕು, ನಿಜ. ಆದರೆ ಅಂಗೈಯಗಲದ ಅಕ್ಷರ ಕೊರೆಯುವವರಿಗೆ 16 ಇಂಚು ಧಾರಾಳವಾಯಿತು. ಅದಕ್ಕಿಂತ ಹೆಚ್ಚು ದುಡ್ಡು ಸುರಿಯುವುದು ದಂಡ ಅಂತ ನನ್ನ ಲೆಕ್ಕ.

ಯಂತ್ರಕ್ಕೆ ನಿಜವಾದ ಪರೀಕ್ಷೆ ‘ದೀಪಾಂಜಲಿ’ಯ ಸೊನ್ನೆ. ‘ಗ’ ಕೊರೆಯಲು ಅಂಚಿನಿಂದ ಒಳಗೆ ಬಂದು, ಸುತ್ತಿ, ಹೊರಗೆ ಹೋಗಬಹುದು. ಸೊನ್ನೆಯ ನಡುವಿನ ತೂತಿಗೆ ಅಂಚಿನಿಂದ ದಾರಿಯೇ ಇಲ್ಲ. ಬಳೆಯನ್ನು ತುಂಡು ಮಾಡದೆ ಒಳಗೆ ಹೋಗುವುದು ಹೇಗೆ? ಮೊದಲು ಅಲ್ಲಿ ಡ್ರಿಲ್‌ನಿಂದ ಚಿಕ್ಕ ರಂಧ್ರ ಮಾಡಿ, ಅಲಗನ್ನು ಯಂತ್ರದಿಂದ ಬಿಚ್ಚಿ, ರಂಧ್ರದಲ್ಲಿ ತೂರಿಸಿ, ಮತ್ತೆ ಬಿಗಿದು ಒಳಗಿನಿಂದಲೇ ಕೊರೆಯಬೇಕು. ಕೆಲವು ಅಲಗುಗಳ ತುದಿಯಲ್ಲಿ ಅಡ್ಡ ಕಡ್ಡಿ ಇರುತ್ತದೆ. ಸಿಕ್ಕಿಸುವುದು ಸುಲಭ, ಆದರೆ ಕಡ್ಡಿ ತೂರುವಷ್ಟು ದೊಡ್ಡ ರಂಧ್ರ ಬೇಕು. ಸೊನ್ನೆ ಚಿಕ್ಕದಾದರೆ ಆ ರಂಧ್ರವೇ ಅದನ್ನು ನುಂಗಿಬಿಡುತ್ತದೆ. ಕಡ್ಡಿ ಇಲ್ಲದ ಅಲಗಿಗೆ ತೀರಾ ಸಣ್ಣ ರಂಧ್ರ ಸಾಕು. ಕುಸುರಿ ಕೆಲಸ ಮಾಡುವವರು ಅಂಥ ಅಲಗನ್ನು ಹಿಡಿಯಬಲ್ಲ ಯಂತ್ರವನ್ನೇ ಕೇಳಿ ತರಬೇಕು. (ನಿಮ್ಮ ಹೆಸರಿನಲ್ಲಿ ‘ಠ’ ಇದ್ದರೆ ಇನ್ನೊಂದು ಫಜೀತಿ. ಹೊಟ್ಟೆಯೊಳಗಿನ ಚುಕ್ಕೆ ಯಾವುದಕ್ಕೂ ಅಂಟಿಲ್ಲ, ಟಪ್ಪೆಂದು ಉದುರುತ್ತದೆ. ಹಿಂದೆ ಒಂದು ಹಲಗೆ ಕೊಟ್ಟು ಅಂಟಿಸದೆ ಗತಿಯಿಲ್ಲ.)

ಹಲ್ಲಿನ ಲೆಕ್ಕವೂ ಇದೆ. ಯಾವ ಕ್ಷಣದಲ್ಲೂ ಮರದೊಳಗೆ ಮೂರು ಹಲ್ಲಾದರೂ ಇರಬೇಕು. ಇಂಚಿಗೆ 12 ಹಲ್ಲಿನ ಅಲಗಿನಲ್ಲಿ ಸುಮಾರು 2 ಮಿಲಿಮೀಟರಿಗೊಂದು ಹಲ್ಲು, ಆದ್ದರಿಂದ 6 ಮಿಲಿಮೀಟರ್ ಪ್ಲೈವುಡ್ಡಿಗೆ ಸರಿಹೋಗುತ್ತದೆ. ಒಂದೇ ಹಲ್ಲು ಕಚ್ಚಿದರೆ ಹಲಗೆ ಎಗರಿ ಬೀಳುತ್ತದೆ.

ಅಂಗಡಿಯಲ್ಲಿ ಯಂತ್ರ ಓಡಿಸಿ ತೋರಿಸಿ ಅನ್ನಿ. ಅದರ ಮೇಜಿನ ಮೇಲೆ ಐದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಲು ಹೇಳಿ. ಅಲಗನ್ನು ಹಿಡಿದ ತೋಳು ಮೇಲೆ ಹೋದಾಗೆಲ್ಲ ಬುಡವನ್ನು ಕೆಳಕ್ಕೆ ತಳ್ಳುತ್ತದೆ, ಕೆಳಗೆ ಬಂದಾಗ ಮೇಲಕ್ಕೆ. ಬುಡ ಎರಕದ ಕಬ್ಬಿಣದ್ದಾಗಿ ಭಾರವಿದ್ದರೆ ಅಲುಗುವುದು ಕಡಿಮೆ, ನಾಣ್ಯವೂ ನಿಲ್ಲುತ್ತದೆ. ನಡುಗುವ ಮೇಜಿನ ಮೇಲೆ ಯಾರ ಕೈಯಲ್ಲೂ ನಯವಾದ ಗೆರೆ ಬರದು.

ಮರಕ್ಕೆ ರೂಪ ಕೊಡುವ ಬೇರೆ ದಾರಿಗಳೂ ಇವೆ. ನಿಮ್ಮ ಪಕ್ಕದ ಮೈಸೂರು ರಸ್ತೆ ಹಿಡಿದು ಹೊರಟರೆ ದಾರಿಯಲ್ಲಿ ಚನ್ನಪಟ್ಟಣ ಸಿಗುತ್ತದೆ. ಅಲ್ಲಿ ಲೇತ್‌ನಲ್ಲಿ ಹಾಲೆ ಮರವೇ ಸುತ್ತುತ್ತದೆ, ಉಳಿ ಅಲುಗದೆ ತಾಗುತ್ತದೆ. ಬುಗುರಿ, ಗಿಲಕಿ ಚೆನ್ನಾಗಿ ಬರುತ್ತವೆ, ‘ಗ’ ಬರುವುದಿಲ್ಲ. ಮೈಸೂರಿಗೆ ಹೋಗಿ ಬೀಟೆ ಮರದ ಇನ್‌ಲೇ ನೋಡಿ. ಕಪ್ಪುಗೆಂಪಿನ ಬೀಟೆಯಲ್ಲಿ ಹಳ್ಳ ತೋಡಿ, ಬೇರೆ ಬೇರೆ ಬಣ್ಣದ ಮರಗಳಿಂದ ಆನೆ, ಹೂವು, ಬಳ್ಳಿ ಕೊರೆದು ಕೂಡಿಸುತ್ತಾರೆ. ಚಿತ್ರದ ಹಳದಿ ಹಲಸಿನ ಮರದ್ದೇ ಹಳದಿ. ಹಿಂದೆ ಆನೆದಂತವನ್ನೂ ಕೂಡಿಸುತ್ತಿದ್ದರು. 1912ರಲ್ಲಿ ಕಟ್ಟಿ ಮುಗಿದ ಅಲ್ಲಿನ ಅರಮನೆಯ ಅಂಬಾವಿಲಾಸ ಸಭಾಂಗಣದ ಬಾಗಿಲಿನಲ್ಲಿ ಅಂಥ ಕೆಲಸ ಇದೆ. ಈಗ ದಂತದ ವ್ಯಾಪಾರಕ್ಕೆ ಕಾನೂನಿನ ನಿಷೇಧ.

ತುಂಡು ತುಂಡು ಕೂಡಿಸುವಾಗ ಅಲಗು ತಿಂದ ಅರ್ಧ ಮಿಲಿಮೀಟರೂ ಸಂದಾಗಿ ಕಣ್ಣಿಗೆ ಹೊಡೆಯುತ್ತದೆ. ಸ್ಕ್ರಾಲ್ ಸಾ ಇರುವವರು ಇದಕ್ಕೊಂದು ಜಾಣ ಉಪಾಯ ಮಾಡುತ್ತಾರೆ. ಎರಡು ಬಣ್ಣದ ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಮೇಜನ್ನು ಮೂರು ನಾಲ್ಕು ಡಿಗ್ರಿ ಓರೆ ಮಾಡಿ ಒಟ್ಟಿಗೆ ಕೊಯ್ಯುತ್ತಾರೆ. ಮೇಲಿನ ತುಂಡು ಬಿರಡೆಯ ಹಾಗೆ ಓರೆಯಾಗಿ, ಕೆಳಗಿನ ರಂಧ್ರಕ್ಕೆ ಇಳಿದಾಗ ಸಂದು ಮುಚ್ಚಿಹೋಗುತ್ತದೆ. ಆದ್ದರಿಂದ ಮೇಜು ಓರೆಯಾಗುತ್ತದೆಯೇ ಎಂದೂ ಕೇಳಿ.

ಯಂತ್ರ ಓಡುವಾಗ ದೊಡ್ಡವರು ಪಕ್ಕದಲ್ಲಿರಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು, ಬೀಟೆಯ ಧೂಳು ಕೆಲವರಿಗೆ ಸೀನು ತುರಿಕೆ ತರುತ್ತದೆ. ಕೊಳ್ಳಲು ಅಷ್ಟು ದುಡ್ಡಿಲ್ಲದಿದ್ದರೆ ಕೈಯಲ್ಲಿ ಹಿಡಿಯುವ, ಬಿಲ್ಲಿನಾಕಾರದ ಸಣ್ಣ ಗರಗಸದಿಂದ ಶುರು ಮಾಡಿ. ಸೊನ್ನೆಯೊಳಗೆ ತೂರುವ ಲೆಕ್ಕ ಅದರಲ್ಲೂ ಇದೇ. ಅದಕ್ಕೆಂದು ಕೊಂಡ ಕಡ್ಡಿಯಿಲ್ಲದ 5 ಇಂಚಿನ ಅಲಗುಗಳು ಮುಂದೆ ಯಂತ್ರ ಬಂದಾಗ ಅದಕ್ಕೂ ಆಗುತ್ತವೆ.